ಮಜ್ಜಿಗೆಯ ಮೇಲೆ ಹೋಳಿಗೆ

ನಮ್ಮ ಅಪ್ಪಯ್ಯ ಸಮಾರಂಭಗಳಿಗೆ ಅಡಿಗೆ ಮಾಡುವವರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮದುವೆಗೋ ಮುಂಜಿಗೋ ದಿನ ಗೊತ್ತು ಮಾಡುವ ಮೊದಲು ಅಪ್ಪಯ್ಯನಿಗೆ ಬಿಡುವಿದೆಯೇ ಎಂದು ಕೇಳುವ ಮನೆಗಳು ಈಗಲೂ ಇವೆ. ನಮ್ಮ ಮನೆ ಇರುವುದು ಹರಿಹರಪುರದ ಹತ್ತಿರ. ಪಿಯುಸಿ ಓದುವಾಗಿನಿಂದ ರಜೆಯ ದಿನಗಳಲ್ಲಿ ನಾನೂ ಅವರ ಜೊತೆ ಹೋಗುತ್ತಿದ್ದೇನೆ. ನನ್ನ ಕೆಲಸ ಪಾತ್ರೆಗಳ ಲೆಕ್ಕ. ಬಾಡಿಗೆಗೆ ತಂದ ಕೊಳಗ, ಬಕೆಟ್, ಸೌಟು ಎಷ್ಟು ಗಾಡಿಯಿಂದ ಇಳಿದವು, ಎಷ್ಟು ತಿರುಗಿ ಹತ್ತಿದವು ಎಂದು ಬರೆದುಕೊಳ್ಳುವುದು. ಇದನ್ನು ಯಾರೂ ನನಗೆ ಕಲಿಸಲಿಲ್ಲ. ಹೈಸ್ಕೂಲಿಗೆ ಹೋಗುವಾಗಲೇ ನಮ್ಮೂರಿನ ಬಸ್ಸು ಯಾವ ದಿನ ಎಷ್ಟು ತಡವಾಗಿ ಬಂತು ಎಂದು ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಕಂಡಕ್ಟರಿಗೆ ಒಮ್ಮೆ ಅದನ್ನು ಓದಿ ಹೇಳಿದಾಗ ಅವರು, "ನಿನ್ನನ್ನ ಡಿಪೋದವ್ರು ಕಳ್ಸಿದ್ದಾ ಮಾರಾಯ್ತಿ?" ಎಂದು ಗಾಬರಿಯಾಗಿದ್ದರು.

ಆದರೆ ಈಗ ಬರೆಯಲು ಕೂತಿರುವುದು ಅಣ್ಣನ ಬಗ್ಗೆ.

ಅಣ್ಣ ಕೊಪ್ಪದಲ್ಲಿ ಡಿಗ್ರಿ ಮುಗಿಸಿದ ವರ್ಷವೇ ಅಪ್ಪಯ್ಯನ ಬಲ ಭುಜದ ನೋವು ಹೆಚ್ಚಾಯಿತು. ದೊಡ್ಡ ಕೊಳಗದಲ್ಲಿ ಹುಳಿ ತಿರುಗಿಸುವಾಗ ಅವರು ಸೌಟನ್ನು ಎಡಗೈಗೆ ಬದಲಾಯಿಸುವುದನ್ನು ನಾನು ಅದೇ ವರ್ಷ ಮೊದಲ ಸಲ ನೋಡಿದ್ದು. ತಮ್ಮ ನಂತರ ಸೌಟು ಹಿಡಿಯುವವನು ಅಣ್ಣ ಎಂದು ಅವರು ಮನಸ್ಸಿನಲ್ಲಿ ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದರು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ಬೆಳಿಗ್ಗೆ ತಮ್ಮ ಇನ್ನೊಂದು ಪಂಚೆ ಕೊಟ್ಟು, "ಇದನ್ನ ಉಟ್ಕೊಂಡು ಬಾ, ಪ್ಯಾಂಟು ಒಲೆ ಹತ್ರ ಆಗಲ್ಲ" ಎಂದರು. ಅಲ್ಲಿಗೆ ಅಣ್ಣನ ಕೆಲಸ ಗೊತ್ತಾಯಿತು.

ಅಪ್ಪಯ್ಯನ ಅಡಿಗೆಯನ್ನು ಹೇಗೆ ಹೇಳಲಿ? ಅವರು ರುಚಿ ನೋಡುವುದಿಲ್ಲ. ದೇವರಿಗೆ ನೈವೇದ್ಯ ಆಗುವ ಮೊದಲು ನಾಲಿಗೆಗೆ ಮುಟ್ಟಿಸುವ ಹಾಗಿಲ್ಲವಲ್ಲ. ಹಬೆಯ ಮೇಲೆ ಮುಖವಿಟ್ಟು ಒಂದು ಸಲ ಉಸಿರೆಳೆದುಕೊಂಡರೆ ಉಪ್ಪು ಸಾಕೋ ಬೇಕೋ ಅವರಿಗೆ ತಿಳಿಯುತ್ತದೆ. ಉಪ್ಪಿಗೆ ವಾಸನೆ ಎಲ್ಲಿಂದ ಬಂತು ಎಂದು ನಾನು ಕೇಳಿದ್ದಕ್ಕೆ, "ಉಪ್ಪಿಗಿಲ್ಲ, ಉಪ್ಪು ಬಿದ್ದ ಬೇಳೆಗೆ ಇದೆ" ಎಂದಿದ್ದರು. ನಾನು ಎಷ್ಟೋ ಸಲ ಮುಖವಿಟ್ಟು ನೋಡಿದ್ದೇನೆ. ಕಣ್ಣಲ್ಲಿ ನೀರು ಬಂದದ್ದು ಬಿಟ್ಟರೆ ಏನೂ ತಿಳಿಯಲಿಲ್ಲ.

ಅಣ್ಣನಿಗೂ ತಿಳಿಯಲಿಲ್ಲ. ಅವನು ಸೋಮಾರಿಯಲ್ಲ, ಕಟ್ಟಿಗೆ ಒಡೆಯುವುದರಿಂದ ಹಿಡಿದು ಕಾಯಿ ತುರಿಯುವವರೆಗೆ ಎಲ್ಲ ಮಾಡುತ್ತಿದ್ದ. ಆದರೆ ಒಲೆಯ ಮುಂದೆ ನಿಂತರೆ ಅವನ ಗಮನ ಹೊರಗಿನ ಚಪ್ಪರದಲ್ಲಿರುತ್ತಿತ್ತು.

"ಉಪ್ಪು ಹಾಕಿದ್ಯನಾ?" ಎಂದು ಅಪ್ಪಯ್ಯ ಕೇಳುವರು.

"ಹಾಕ್ದೆ ಅನ್ಸುತ್ತೆ."

"ಅನ್ಸೋದ್ರಲ್ಲಿ ಸಾರು ಆಗಲ್ಲ ಮಾಣಿ."

ಅಪ್ಪಯ್ಯನ ಜೊತೆ ಬಹಳ ವರ್ಷಗಳಿಂದ ಇರುವ ಸಹಾಯಕರೊಬ್ಬರಿದ್ದಾರೆ. ನಾವು ಅವರನ್ನು ಮಾವ ಎನ್ನುತ್ತೇವೆ, ಅವರು ಅಪ್ಪಯ್ಯನನ್ನು ಅಣ್ಣಯ್ಯ ಎನ್ನುತ್ತಾರೆ. ತರಕಾರಿ ಹೆಚ್ಚುತ್ತಾ ಕೂತಲ್ಲಿಂದಲೇ ಮಾವ ಹೇಳುವರು, "ಬಿಡಿ ಅಣ್ಣಯ್ಯ. ಒಂದು ಮನೇಲಿ ಮರೀತಾನೆ, ಇನ್ನೊಂದು ಮನೇಲಿ ಎರಡು ಸಲ ಹಾಕ್ತಾನೆ. ಒಟ್ಟು ತಾಲ್ಲೂಕಿಗೆ ಸಮ ಆಯ್ತಲ್ಲ."

ಅಣ್ಣನೂ ನಗುತ್ತಿದ್ದ. ಅಪ್ಪಯ್ಯ ನಗುತ್ತಿರಲಿಲ್ಲ.

ಅವನು ಹೊರಗೆ ಏನು ನೋಡುತ್ತಾನೆ ಎಂದು ನನಗೆ ಗೊತ್ತಾದದ್ದು ಕೊಪ್ಪದ ಒಂದು ಮದುವೆಯಲ್ಲಿ. ಪಾತ್ರೆ ಎಣಿಸಿ ಮುಗಿದು ನಾನೂ ಅವನ ಪಕ್ಕ ಅಡಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅವನು ಮೆಲ್ಲಗೆ ಹೇಳುತ್ತಾ ಹೋದ: "ಆ ಕಂಬದ ಹತ್ರ ಇದಾರಲ್ಲ, ಅವ್ರಿಗೆ ಪಲ್ಯ ಇನ್ನೊಂಚೂರು ಬೇಕು, ಕೇಳಲ್ಲ. ಎಲೆ ತುದೀಲಿ ಬೆರಳಾಡಿಸ್ತಾ ಇದಾರೆ ನೋಡು. ಆ ಹುಡುಗಿಗೆ ಹುಳಿ ಖಾರ ಆಗಿದೆ, ಯಾರಾದ್ರೂ ತುಪ್ಪ ತಗೊಂಡ್ ಹೋಗ್ಬೇಕು. ಕೊನೇಲಿ ಕೂತ ನಾಲ್ಕು ಜನ ಗಂಡಿನ ಕಡೆಯೋರು. ಎಲ್ಲ ಪದಾರ್ಥನೂ ಅವ್ರಿಗೆ ಕೊನೇಗೇ ಹೋಗ್ತಾ ಇದೆ. ಎರಡನೇ ಸುತ್ತು ಆ ಕಡೆಯಿಂದ ಶುರು ಮಾಡಿದ್ರೆ ಸಿಟ್ಟು ಇಳೀತಿತ್ತು."

ನಾನು ನೋಡಿದೆ. ನನಗೆ ಕಂಡದ್ದು ಒಂದು ಸಾಲಿಗೆ ನಲವತ್ತು ಎಲೆ, ಎರಡು ಖಾಲಿ. ಅಷ್ಟೇ. ಒಂದೇ ಸಾಲಿನಲ್ಲಿ ಅವನಿಗೆ ಇಷ್ಟೊಂದು ಜನ ಕಾಣುತ್ತಿದ್ದರು. ಆ ದಿನ ಅವನ ಮೇಲೆ ಹುಟ್ಟಿದ ಬೆರಗು ಇನ್ನೂ ಕಡಿಮೆಯಾಗಿಲ್ಲ.

ಆಮೇಲಾಮೇಲೆ ಅವನು ಸುಮ್ಮನೆ ನೋಡುತ್ತಾ ನಿಲ್ಲಲಿಲ್ಲ. ಅಪ್ಪಯ್ಯ ಆ ಕಡೆ ತಿರುಗಿದಾಗ ಒಂದು ಬಕೆಟ್ ಹಿಡಿದು ಒಂದು ಸುತ್ತು ಹೋಗಿ ಬರುತ್ತಿದ್ದ. ಅವನು ಬಡಿಸುವ ರೀತಿ ಬೇರೆ. ಬಗ್ಗಿ, ಎಲೆಯ ಹತ್ತಿರಕ್ಕೆ ಸೌಟು ತಂದು, ಒಂದು ಕ್ಷಣ ಉಣ್ಣುವವರ ಮುಖ ನೋಡಿ ಆಮೇಲೆ ಬಡಿಸುವನು. ಸಕ್ಕರೆ ಕಾಯಿಲೆಯವರು "ಬೇಡ, ಬೇಡ" ಎಂದರೆ ಒತ್ತಾಯ ಮಾಡುತ್ತಿರಲಿಲ್ಲ. ಬಾಯಲ್ಲಿ ಬೇಡ ಎಂದು ಕಣ್ಣಲ್ಲಿ ಬೇಕು ಎನ್ನುವವರಿಗೆ, "ಅರ್ಧ ಹಾಕ್ತೀನಿ, ಉಳಿದರ್ಧ ನಾಳೆಗೆ" ಎಂದು ನಗಿಸುತ್ತಿದ್ದ. ಕೈ ನಡುಗುವ ಮುದುಕರಿಗೆ ಪಾಯಸವನ್ನು ಎಲೆಗೆ ಹಾಕದೆ ಲೋಟದಲ್ಲಿ ತಂದಿಡುತ್ತಿದ್ದ. ಅವರು ಕೇಳುವ ಮೊದಲೇ.

ನಮ್ಮ ಕಡೆ ಬಡಿಸುವುದನ್ನು ಯಾರೂ ಕಸುಬು ಎಂದುಕೊಂಡವರಲ್ಲ. ಅಕ್ಕಪಕ್ಕದ ಮನೆಯ ಹುಡುಗರು, ನೆಂಟರು ಪಂಚೆ ಮೇಲೆ ಕಟ್ಟಿ ನಿಂತರೆ ಆಯಿತು. ಈಗ ಆ ಹುಡುಗರು ತಾವೂ ಒಳ್ಳೆಯ ಬಟ್ಟೆ ಹಾಕಿಕೊಂಡು ಊಟಕ್ಕೇ ಕೂರುತ್ತಾರೆ. ಹಾಗಾಗಿ ಕೆಲವು ಕಲ್ಯಾಣ ಮಂಟಪಗಳಲ್ಲಿ ತಟ್ಟೆ ಹಿಡಿದು ಸಾಲು ನಿಲ್ಲುವ ಊಟ ಶುರುವಾಗಿದೆ. ನರಸಿಂಹರಾಜಪುರದ ಒಂದು ಮಂಟಪದ ಯಜಮಾನರು ಅಣ್ಣ ಬಡಿಸುವುದನ್ನು ಕಂಡವರು. ಮರುವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅವರು ಅವನನ್ನು ಕರೆದು, "ಒಂದು ತಂಡ ಕಟ್ಟು. ನಮ್ಮ ಮಂಟಪದ ಊಟಕ್ಕೆಲ್ಲ ನೀನೇ ಬಡಿಸು. ಮುಂದಿನ ಸೀಸನ್ ಒಳಗೆ ಹೇಳು, ಇಲ್ದಿದ್ರೆ ನಾನೂ ತಟ್ಟೆ ಊಟ ಮಾಡಿಬಿಡ್ತೀನಿ" ಎಂದರು.

ಒಪ್ಪಿದರೆ ಒಲೆ ಬಿಡಬೇಕು. ಒಲೆ ಬಿಡುವುದೆಂದರೆ ಅಪ್ಪಯ್ಯನ ಭುಜಕ್ಕೆ ಆಸರೆಯಾಗಬೇಕಾದವನು ಕೈ ಬಿಟ್ಟ ಹಾಗೆ. ಅಪ್ಪಯ್ಯ ಬೇಡ ಎಂದರೆ ಅಣ್ಣ ಅದನ್ನು ಮೀರುವವನಲ್ಲ. ಮೀರಿದರೂ ಈ ಮೂರು ತಾಲ್ಲೂಕಿನಲ್ಲಿ ಯಾರು ಅವನನ್ನು ಕರೆಯುತ್ತಾರೆ? ಊಟದ ಮಾತು ಮೊದಲು ಅಪ್ಪಯ್ಯನ ಹತ್ತಿರವೇ ಬರುವುದು.

ಅವನು ಒಂದು ಸಂಜೆ ಕಾಫಿ ಕುಡಿಯುವಾಗ ವಿಷಯ ಎತ್ತಿದ. ಅಪ್ಪಯ್ಯ ಲೋಟ ಕೆಳಗಿಟ್ಟರು.

"ಬಡಿಸೋದಾ? ಎಂತ ಕೆಲ್ಸ ಮಾರಾಯ ಅದು? ಕೈ ಕಾಲು ನೆಟ್ಟಗಿದ್ದೋರೆಲ್ಲ ಮಾಡ್ತಾರೆ. ನೀನು ನನ್ನ ಮಗ ಆಗಿ ಬಕೆಟ್ ಹಿಡ್ಕೊಂಡು ತಿರುಗ್ತೀಯ?"

"ಎಲ್ರೂ ಮಾಡ್ತಾರೆ ಅಪ್ಪಯ್ಯ. ಆದ್ರೆ ಸರಿಯಾಗಿ..."

"ಸಾರು ಸರಿ ಇದ್ರೆ ಹೇಗೆ ಬಡಿಸಿದ್ರೂ ಉಣ್ತಾರೆ."

ಅಮ್ಮ ಒಳಗಿನಿಂದ, "ನೀವು ಉಣ್ತೀರಾ? ನಾನು ಪಾತ್ರೆ ಕುಕ್ಕಿದ ದಿನ ಅರ್ಧ ಊಟಕ್ಕೇ ಏಳ್ತೀರಲ್ಲ" ಎಂದರು. ಅಪ್ಪಯ್ಯ ಹೊರಗೆ ಹೋದರು. ಮಾತು ಅಲ್ಲಿಗೇ ನಿಂತಿತು.

ಅದೇ ವಾರ ನಮ್ಮ ಕಾಲೇಜಿಗೆ ಉದ್ಯೋಗದ ಬಗ್ಗೆ ಮಾತಾಡಲು ಒಬ್ಬರು ಬಂದಿದ್ದರು. ಯಾವ ಕೋರ್ಸಿಗೆ ಯಾವ ಕೆಲಸ ಎಂದು ಬಹಳ ಹೇಳಿದರು. ಕೊನೆಯಲ್ಲಿ ಕೇಳಿದ ಒಂದು ಪ್ರಶ್ನೆ ಮಾತ್ರ ನನಗೆ ಉಳಿಯಿತು: ಯಾವುದನ್ನು ಮಾಡುವಾಗ ನಿಮಗೆ ಅದು ಕೆಲಸ ಅಂತಲೇ ಅನ್ನಿಸುವುದಿಲ್ಲ? ಸುತ್ತ ಕೂತವರು ಮೊಬೈಲು, ನಿದ್ದೆ ಎಂದು ನಗಾಡಿದರು. ನನಗೆ ಬಾಗಿಲಲ್ಲಿ ಸೌಟು ಹಿಡಿದು ನಿಂತ ಅಣ್ಣ ಕಂಡ. ಕೆಲಸ ಅನ್ನಿಸದೆ ಮಾಡುವುದರಿಂದಲೇ ಅದನ್ನು ಬೇರೆ ಯಾರೂ ಕೆಲಸ ಎನ್ನುತ್ತಿರಲಿಲ್ಲ. ಅಪ್ಪಯ್ಯನಿಗೆ ಇದನ್ನು ಹೇಗೆ ಹೇಳುವುದು ಎಂದು ಬಸ್ಸಿನಲ್ಲಿ ಯೋಚಿಸಿದೆ. ಮನೆ ತಲುಪುವಷ್ಟರಲ್ಲಿ ಧೈರ್ಯ ಹೋಗಿತ್ತು.

ವೈಶಾಖದಲ್ಲಿ ಮೆಣಸೆಯ ಒಂದು ಮನೆಯಲ್ಲಿ ಮುಂಜಿ. ಮನೆಯ ಅಂಗಳದಲ್ಲೇ ಚಪ್ಪರ. ಸೆಕೆ ಎಂದರೆ ಚಪ್ಪರದ ಕೆಳಗೆ ಕೂತವರ ಬೆನ್ನಿನ ಅಂಗವಸ್ತ್ರವೆಲ್ಲ ಒದ್ದೆ. ಅಪ್ಪಯ್ಯ ಅಂದು ಬೇಳೆ ಹೋಳಿಗೆ ಮಾಡಿದ್ದರು. ಹೋಳಿಗೆ ಅಪ್ಪಯ್ಯನ ಹೆಮ್ಮೆ. ಹಾಳೆಯ ಹಾಗೆ ತೆಳು, ಮಡಿಸಿದರೆ ಮುರಿಯುವುದಿಲ್ಲ. ಭುಜ ನೋಯುತ್ತಿದ್ದರೂ ಲಟ್ಟಿಸುವುದನ್ನು ಇನ್ನೊಬ್ಬರಿಗೆ ಕೊಟ್ಟಿರಲಿಲ್ಲ. ಎರಡನೇ ಪಂಕ್ತಿಯ ಸಾರನ್ನು ಅಣ್ಣನಿಗೆ ಒಪ್ಪಿಸಿ, "ಇವತ್ತು ಇದು ಪೂರ್ತಿ ನಿಂದು. ನಾನು ತಿರುಗಿ ನೋಡಲ್ಲ" ಎಂದಿದ್ದರು. ಪರೀಕ್ಷೆ ಎಂದು ಅಣ್ಣನಿಗೂ ಗೊತ್ತಿತ್ತು.

ಮೊದಲ ಪಂಕ್ತಿಗೆ ಹಿರಿಯರೆಲ್ಲ ನೆಲದ ಮೇಲೆ ಚಾಪೆ ಹಾಕಿ ಕೂತರು. ತುದಿಯಲ್ಲಿ ಆ ಮನೆತನದ ಹಿರಿಯಜ್ಜ. ಬಡಿಸುತ್ತಿದ್ದವರು ಮನೆಯ ಹುಡುಗರು. ಅನ್ನ, ಹುಳಿ ಆಯಿತು. ಹೋಳಿಗೆ ಹೋಗಬೇಕು. ಅಷ್ಟರಲ್ಲಿ ಮನೆಯವರ ಅಳಿಯನೊಬ್ಬ, ಪಾಪ, ಎಲ್ಲರೂ ಬೆವರುವುದನ್ನು ನೋಡಿ ಮಜ್ಜಿಗೆಯ ಬಕೆಟ್ ಎತ್ತಿಕೊಂಡು ಹೋಗಿಬಿಟ್ಟ.

ನಮ್ಮ ಕಡೆ ಮಜ್ಜಿಗೆ ಬಂತೆಂದರೆ ಊಟ ಮುಗಿಯಿತು. ಅದರ ಮೇಲೆ ಸಿಹಿಯನ್ನು ಯಾರೂ ಮುಟ್ಟುವುದಿಲ್ಲ. ಹಿರಿಯರು ಮಜ್ಜಿಗೆ ಅನ್ನ ಉಂಡು ಎದ್ದರೆ ಇಡೀ ಸಾಲು ಏಳುತ್ತದೆ. ಅವನು ಅರ್ಧ ಸಾಲು ದಾಟುವಷ್ಟರಲ್ಲಿ ಯಾರೋ, "ಏ, ಹೋಳಿಗೆ ಎಲ್ಲಿ?" ಎಂದರು. ಇನ್ನೊಬ್ಬರು, "ಹೋಳಿಗೆ ಇಲ್ಲ ಅನ್ಸುತ್ತೆ, ಸುಮ್ನಿರಿ" ಎಂದರು. ಅಷ್ಟು ಸಾಕು. ಮುಂಜಿಮನೆಯವರು ಸಿಹಿ ಒಳಗಿಟ್ಟುಕೊಂಡು ಊಟ ಮುಗಿಸಿದರು ಎಂಬ ಮಾತು ಸಂಜೆಯೊಳಗೆ ಶೃಂಗೇರಿ ಪೇಟೆ ತಲುಪುತ್ತಿತ್ತು. ಮನೆಯ ಯಜಮಾನರ ಮುಖ ಬಿಳಿಚಿತು. ಅಳಿಯ ಬಕೆಟ್ ಹಿಡಿದುಕೊಂಡು ನಿಂತಲ್ಲೇ ನಿಂತ. ಒಳಗೆ ಅಪ್ಪಯ್ಯನ ಹೋಳಿಗೆಯ ರಾಶಿ ಬಾಳೆ ಎಲೆ ಮುಚ್ಚಿಕೊಂಡು ಕೂತಿತ್ತು.

ಅಣ್ಣ ಸೌಟು ಕೆಳಗಿಟ್ಟ. ಸಾರು ಕುದಿಯುತ್ತಿತ್ತು. ಅವನು ತಿರುಗಿಯೂ ನೋಡಲಿಲ್ಲ.

ಅವನು ಮೊದಲು ಹೋದದ್ದು ಹಿರಿಯಜ್ಜನ ಹತ್ತಿರ ಅಲ್ಲ. ಸಾಲಿನ ನಡುವೆ ಕೂತಿದ್ದ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ. ಊಟದ ನಡುವೆ ಯಾರಾದರೂ ಶ್ಲೋಕ ಹೇಳುವುದು, ಮುಗಿದ ಮೇಲೆ ಎಲ್ಲರೂ ದೇವರ ಹೆಸರು ಕೂಗುವುದು ನಮ್ಮಲ್ಲಿ ವಾಡಿಕೆ. ಶ್ಲೋಕ ನಡೆಯುತ್ತಿರುವಾಗ ಯಾರೂ ಏಳುವ ಹಾಗಿಲ್ಲ. ಅಣ್ಣ ಬಗ್ಗಿ, "ಮೇಷ್ಟ್ರೇ, ನಿಮ್ಮ ಬಾಯಲ್ಲಿ ಒಂದು ಕೇಳ್ದೆ ಊಟ ಮುಗಿದ್ರೆ ಹೇಗೆ? ಉದ್ದದ್ದೇ ಹೇಳಿ" ಎಂದ. ಮೇಷ್ಟ್ರು ಕೂತಾಗಿನಿಂದ ಗಂಟಲು ಸರಿ ಮಾಡಿಕೊಳ್ಳುತ್ತಲೇ ಇದ್ದರಂತೆ, ಯಾರೂ ಕೇಳಿರಲಿಲ್ಲ. ಅದನ್ನು ಅಣ್ಣ ಒಳಗಿನಿಂದಲೇ ನೋಡಿದ್ದ. ಮೇಷ್ಟ್ರು ಶುರು ಮಾಡಿದರು. ಅಷ್ಟು ಉದ್ದದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಇಡೀ ಸಾಲು ಕೈ ಎಲೆಯ ಮೇಲಿಟ್ಟುಕೊಂಡು ಕೂತಿತು.

ಅಷ್ಟರಲ್ಲಿ ಅಣ್ಣ ಅಳಿಯನ ಕೈಯಿಂದ ಬಕೆಟ್ ತೆಗೆದುಕೊಂಡು, "ಭಾವ, ಇದನ್ನ ಲೋಟಕ್ಕೆ ಕೊಡ್ತಾ ಹೋಗಿ, ಎಲೆಗೆ ಬೇಡ. ಸೆಕೆಗೆ ಕುಡಿಯೋಕೆ" ಎಂದು ಹೇಳಿ, ಲೋಟದ ತಟ್ಟೆ ಸಮೇತ ತಿರುಗಿ ಕೊಟ್ಟ. ನಿಂತು ಬೆವರುತ್ತಿದ್ದವನಿಗೆ ಮಾಡಲು ಒಂದು ಕೆಲಸ ಸಿಕ್ಕಿತು. ಆಮೇಲೆ ಹೋಳಿಗೆಯ ತಟ್ಟೆ, ತುಪ್ಪದ ಗಿಂಡಿ ಹಿಡಿದು ಹಿರಿಯಜ್ಜನ ಮುಂದೆ ಮಂಡಿಯೂರಿದ.

ಅಜ್ಜ ಎಲೆಯ ಮೇಲೆ ಕೈ ಅಡ್ಡ ಹಿಡಿದರು. "ಮಜ್ಜಿಗೆ ಆದ್ಮೇಲೆ ಹೋಳಿಗೆಯಾ? ಇದು ಯಾವ ಊರಿನ ಕ್ರಮ ಮಾಣಿ?"

"ಅಜ್ಜ, ಇಲ್ಲಿವರೆಗೆ ಯಾವ ಊರಿಂದೂ ಅಲ್ಲ. ನೀವೊಂದು ತುಂಡು ಬಾಯಿಗಿಟ್ರೆ ಇವತ್ತಿಂದ ಮೆಣಸೆಯ ಕ್ರಮ."

ಸುತ್ತ ಇದ್ದವರು ನಗು ತಡೆಯಲು ತುಟಿ ಬಿಗಿಹಿಡಿದರು, ಮೇಷ್ಟ್ರ ಶ್ಲೋಕ ನಡೆಯುತ್ತಿತ್ತಲ್ಲ. ಅಜ್ಜ ಅವನನ್ನೇ ನೋಡಿದರು. "ನೀನು ಅಡಿಗೆಯವ್ರ ಮಗನಾ?"

"ಹೌದು ಅಜ್ಜ. ಬೆಳಿಗ್ಗೆಯಿಂದ ಅಪ್ಪಯ್ಯ ಒಬ್ರೇ ಲಟ್ಟಿಸಿದ್ದು. ಭುಜ ನೋವು ಅವ್ರಿಗೆ."

ಅಜ್ಜ ಕೈ ತೆಗೆದರು. ಅಣ್ಣ ಹೋಳಿಗೆಯನ್ನು ಅಜ್ಜನ ಹಲ್ಲಿಲ್ಲದ ಬಾಯಿಗೆ ಆಗುವ ಹಾಗೆ ಚಿಕ್ಕ ಚಿಕ್ಕ ತುಂಡು ಮಾಡಿ ಬಡಿಸಿ ಮೇಲೆ ತುಪ್ಪ ಹಾಕಿದ. ಅಜ್ಜ ಒಂದು ತುಂಡು ತಿಂದು, ಪಕ್ಕದವರಿಗೆ, "ಎಂತ ನೋಡ್ತೀರಿ? ಹಾಕಿಸ್ಕೊಳ್ಳಿ" ಎಂದರು. ಮೇಷ್ಟ್ರು ಮುಗಿಸಿದಾಗ ಎದ್ದ ಕೂಗಿಗೆ ಚಪ್ಪರದ ಮೇಲೆ ಕೂತಿದ್ದ ಕಾಗೆಗಳು ಹಾರಿದವು. ಮನೆಯ ಹುಡುಗರು ಹೋಳಿಗೆ ತಟ್ಟೆ ಹಿಡಿದು ಎರಡೂ ತುದಿಯಿಂದ ಹೊರಟರು. ಮಜ್ಜಿಗೆಯನ್ನು ಬೆರೆಸಿಕೊಂಡು ಆಗಿದ್ದವರೂ ಎಲೆಯ ಒಂದು ಬದಿ ಖಾಲಿ ಮಾಡಿಕೊಂಡು ಹಾಕಿಸಿಕೊಂಡರು.

ಒಳಗೆ ಸಾರು ತಳ ಹಿಡಿದಿತ್ತು. ಕರಕಲು ವಾಸನೆ ನನಗೂ ತಿಳಿಯಿತು. ಅಪ್ಪಯ್ಯ ಆ ಕೊಳಗವನ್ನು ಇಳಿಸಿ, ಮಾವನಿಗೆ ಕಾಳುಮೆಣಸು ಕುಟ್ಟಲು ಹೇಳಿ, ಇನ್ನೊಂದರಲ್ಲಿ ನೀರಿಟ್ಟರು. ಎರಡನೇ ಪಂಕ್ತಿಗೆ ಎಲೆ ಹಾಕಿ ಮುಗಿಯುವಷ್ಟರಲ್ಲಿ ಮೆಣಸಿನ ಸಾರು ತಯಾರಾಗಿತ್ತು. ಉಂಡವರು ಎರಡೆರಡು ಸಲ ಕೇಳಿ ಹಾಕಿಸಿಕೊಂಡರು. ತಳ ಹಿಡಿದ ಸಂಗತಿ ಹೊರಗೆ ಯಾರಿಗೂ ಗೊತ್ತಾಗಲಿಲ್ಲ.

ಪಾತ್ರೆ ಗಾಡಿಗೆ ಹತ್ತಿಸುವಾಗ ಅಪ್ಪಯ್ಯ ಅಣ್ಣನಿಗೆ ಹೇಳಿದರು.

"ಒಲೆ ಮೇಲೆ ಸಾರಿಟ್ಟು ಹೊರಗೆ ಹೋದೋನು ಅಡಿಗೆಯವ ಆಗಲ್ಲ."

"ಹೌದು ಅಪ್ಪಯ್ಯ," ಎಂದ ಅಣ್ಣ. "ಆಗಲ್ಲ."

ಬೈಗುಳ ತಿಂದವನ ದನಿಯಾಗಿರಲಿಲ್ಲ ಅದು. ಬಹಳ ದಿನದಿಂದ ಗೊತ್ತಿದ್ದ ವಿಷಯವನ್ನು ಇಬ್ಬರೂ ಒಪ್ಪಿಕೊಂಡ ಹಾಗಿತ್ತು. ಮಾವ ಹಗ್ಗ ಬಿಗಿಯುತ್ತಾ, "ಅವ್ನು ಒಲೆ ಬಿಡ್ದೆ ಇದ್ದಿದ್ರೆ ಇಷ್ಟು ಹೊತ್ತಿಗೆ ಹೋಳಿಗೆ ರಾಶಿನೂ ಈ ಗಾಡೀಲೇ ಇರ್ತಿತ್ತು ಅಣ್ಣಯ್ಯ. ವಾರ ಇಡೀ ನಮಗೆ ಹೋಳಿಗೇನೇ ಊಟ" ಎಂದರು. ಅಪ್ಪಯ್ಯ ಗಾಡಿ ಹತ್ತಿ ಮುಂದೆ ಕೂತರು. ಆ ರಾತ್ರಿ ದಿನಚರಿಯಲ್ಲಿ ನಾನು ಬರೆದದ್ದು ಇಷ್ಟು: ಸೌಟು ಒಂದು ಕಡಿಮೆ. ಅಪ್ಪಯ್ಯ ಹೌದು ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಮಳೆಗಾಲ ಹಾಗೆಯೇ ಕಳೆಯಿತು. ಸಮಾರಂಭಗಳು ಕಡಿಮೆ. ಅಪ್ಪಯ್ಯ ಅಣ್ಣನನ್ನು ಒಲೆಯ ಹತ್ತಿರ ಕರೆಯುವುದನ್ನು ಬಿಟ್ಟಿದ್ದರು. ಅದು ಅನುಮತಿಯೋ ಸಿಟ್ಟೋ ನಮಗೆ ತಿಳಿಯಲಿಲ್ಲ. ಮಾವನ ಅಳಿಯನೊಬ್ಬ ಬಂದು ಸೌಟು ತಿರುಗಿಸಲು ಶುರು ಮಾಡಿದ. ಅವನ ಕೈ ಪರವಾಗಿಲ್ಲ ಎಂದು ಅಪ್ಪಯ್ಯ ಅಮ್ಮನ ಹತ್ತಿರ ಹೇಳಿದ್ದನ್ನು ಕೇಳಿಸಿಕೊಂಡೆ.

ಅಣ್ಣ ಈ ನಡುವೆ ಒಪ್ಪಿಗೆಯೇ ಇಲ್ಲದೆ ತಂಡವನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದ. ಯಾರನ್ನು ಕಂಡರೂ ಅವರಿಗೆ ಯಾವ ಬಕೆಟ್ ಎಂದು ಯೋಚಿಸುವನು. ಹರಿಹರಪುರದ ಆಟೋ ಓಡಿಸುವ ಗೆಳೆಯನಿಗೆ ಅನ್ನ, ಏಕೆಂದರೆ ಅವನ ತೋಳು ಸೋಲುವುದಿಲ್ಲ. ಮಾತಿನ ಮಲ್ಲನೊಬ್ಬನಿಗೆ ಸಿಹಿ, "ಬೇಡ ಅನ್ನೋರನ್ನ ಅವ್ನೇ ಒಪ್ಪಿಸ್ಬೇಕು" ಎಂದು. ನನ್ನ ಗೆಳತಿಯೊಬ್ಬಳು ಬಹಳ ನಾಚಿಕೆಯವಳು, ಮುಖ ಎತ್ತಿ ಮಾತಾಡುವುದಿಲ್ಲ. ಅವಳು ಯಾಕೆ ಬೇಕು ಎಂದು ಕೇಳಿದೆ.

"ಅವ್ಳು ಉಪ್ಪು, ಉಪ್ಪಿನಕಾಯಿ ಬಡಿಸ್ಲಿ. ತಲೆ ತಗ್ಗಿಸಿ ನಡೆಯೋರಿಗೆ ಎಲೆ ಚೆನ್ನಾಗಿ ಕಾಣುತ್ತೆ ಕೂಸೇ. ಯಾರ ಎಲೇಲಿ ಎಂತ ಇಲ್ಲ ಅಂತ ನಮಗಿಂತ ಮೊದಲು ಅವ್ಳಿಗೇ ಗೊತ್ತಾಗೋದು."

"ನಾನು?"

"ನೀನು ಬಡಿಸೋಕೆ ಬೇಡ. ಪಾಯಸದ ಸೌಟು ಎಣಿಸ್ತೀಯ."

ನಾನು ಕೋಪ ಬಂದ ಹಾಗೆ ಮಾಡಿದೆ. ನಿಜಕ್ಕೂ ಬರಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು.

ಕಾರ್ತಿಕ ಮುಗಿಯುತ್ತಾ ಬಂದಿತ್ತು, ಮುಂದಿನ ಸೀಸನ್ ಹತ್ತಿರವಾಗಿತ್ತು. ಮಂಟಪದ ಯಜಮಾನರು ಎರಡು ಸಲ ಫೋನು ಮಾಡಿದ್ದರು, ಅಣ್ಣ ಎರಡು ಸಲವೂ "ಹೇಳ್ತೀನಿ" ಎಂದಿದ್ದ. ಒಂದು ಭಾನುವಾರ ಬೆಳಿಗ್ಗೆ ನಾವೆಲ್ಲ ಜಗುಲಿಯಲ್ಲಿದ್ದಾಗ ಮುತ್ತಿನಕೊಪ್ಪದಿಂದ ಅಪ್ಪಯ್ಯನಿಗೆ ಫೋನು ಬಂತು. ಮಗಳ ಮದುವೆ. ಅಪ್ಪಯ್ಯನ ಫೋನಿನ ದನಿ ಜೋರು, ಆ ಕಡೆಯ ಮಾತು ನಮಗೂ ಕೇಳಿಸುತ್ತಿತ್ತು. ದಿನ ಯಾವುದು, ಎಷ್ಟು ಜನ, ಏನೇನು ಅಡಿಗೆ ಎಲ್ಲ ಆಯಿತು.

"ಮತ್ತೆ ಬಡಿಸೋಕೆ, ಮೆಣಸೆ ಮುಂಜೀಲಿ ಹೋಳಿಗೆ ಬಡಿಸಿದ್ರಲ್ಲ, ಆ ನಿಮ್ಮ ಮಗನ್ನೂ ಕಳ್ಸಿಬಿಡಿ," ಎಂದರು ಆ ಕಡೆಯವರು. "ಅಡಿಗೆ ಜೊತೆಗೆ ಸೇರ್ಸಿ ದುಡ್ಡು ಒಟ್ಟಿಗೇ ಹೇಳಿ. ಅದೇನು ದೊಡ್ಡ ವಿಷಯ ಅಲ್ವಲ್ಲ."

ಅಣ್ಣ ತೆಂಗಿನಕಾಯಿ ಸುಲಿಯುತ್ತಿದ್ದವನು ಕೈ ನಿಲ್ಲಿಸಿದ.

ಅಪ್ಪಯ್ಯ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. "ಅಡಿಗೆದು ನಾನು ಹೇಳ್ತೀನಿ," ಎಂದರು. "ಬಡಿಸೋದು ಬೇರೆ ಕೆಲ್ಸ. ಅದನ್ನ ನನ್ನ ಕೇಳಿದ್ರೆ ಗೊತ್ತಾಗಲ್ಲ. ಅದನ್ನ ಮಾಡೋರು ಇಲ್ಲೇ ಇದಾರೆ, ತಡೀರಿ."

ಫೋನನ್ನು ಅಣ್ಣನ ಕಡೆ ಚಾಚಿದರು. ಅಣ್ಣ ಕೈ ಒರೆಸಿಕೊಂಡು, ಸಾಲದೆಂದು ಇನ್ನೊಮ್ಮೆ ಒರೆಸಿಕೊಂಡು ತೆಗೆದುಕೊಂಡ. ನಮಸ್ಕಾರ ಹೇಳಿದ. ಜನ ಎಷ್ಟು ಎಂದು ಅವನು ಕೇಳಲಿಲ್ಲ. "ಮೊದಲ ಪಂಕ್ತೀಲಿ ಕೂರೋ ಹಿರಿಯರು ಯಾರ್ಯಾರು? ಅವ್ರಿಗೆ ನೆಲದ ಮೇಲೆ ಕೂರೋಕೆ ಆಗುತ್ತಾ? ಕಿವಿ ಕೇಳದೇ ಇರೋರು ಇದಾರಾ?" ಎಂದು ಕೇಳುತ್ತಾ ಹೋದ. ಆ ಕಡೆಯವರು ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡು ಹೇಳುತ್ತಿದ್ದರು, ನಡುವೆ ನಗುತ್ತಿದ್ದರು.

ಅಪ್ಪಯ್ಯ ಅಣ್ಣ ಬಿಟ್ಟ ತೆಂಗಿನಕಾಯಿಯನ್ನು ಎಳೆದುಕೊಂಡು ಸುಲಿಯುವುದಕ್ಕೆ ಕೂತಿದ್ದರು. ಕೇಳಿಸಿಕೊಳ್ಳುತ್ತಿಲ್ಲ ಎಂಬ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆ ಹೇಳಿದರು:

"ಹಲ್ಲಿಲ್ಲದೋರು ಎಷ್ಟು ಜನ ಅಂತನೂ ಕೇಳೋ. ಅವ್ರಿಗೆ ಬೇರೆ ಸಿಹಿ ಮಾಡ್ತೀನಿ."